ಭಾಷಣ ಮುಗಿದ ಮೇಲಿನ ಹತ್ತು ನಿಮಿಷ

ತರಗತಿಯಲ್ಲಿ ಸ್ಫೂರ್ತಿ ತುಂಬುವ ಭಾಷಣ ತೋರಿಸುವುದು ಈಗ ತುಂಬಾ ಸುಲಭ. ಒಂದು ಪ್ರೊಜೆಕ್ಟರ್ ಇದ್ದರೆ ಸಾಕು. ಪರದೆಯ ಮೇಲೆ ಯಾರೋ ಬಂದು ನಿಲ್ಲುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ, ಮಕ್ಕಳು ಸುಮ್ನೆ ಕೂತು ಕೇಳುತ್ತಾರೆ, ಕೊನೆಗೆ ಚಪ್ಪಾಳೆ ತಟ್ಟುತ್ತಾರೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮರುದಿನ ಕೇಳಿದರೆ ‘ಚೆನ್ನಾಗಿತ್ತು ಮಿಸ್’ ಅನ್ನುತ್ತಾರೆ. ಏನು ಚೆನ್ನಾಗಿತ್ತು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಮಕ್ಕಳದ್ದೇನೂ ತಪ್ಪಿಲ್ಲ. ಇಂಥ ಭಾಷಣಗಳನ್ನು ಕಟ್ಟುವ ರೀತಿಯೇ ಹಾಗೆ. ಟೆಡ್ ಅನ್ನುವ ಅಮೆರಿಕದ ಹೆಸರಾಂತ ಭಾಷಣ ವೇದಿಕೆಯಲ್ಲಿ ಮಾತಾಡುವವರಿಗೆ 18 ನಿಮಿಷದ ಮಿತಿ ಇದೆ. ಆ 18 ನಿಮಿಷದೊಳಗೆ ಒಂದು ಕಥೆ, ಒಂದು ತಿರುವು, ನಡುವೆ ನಗು, ಕೊನೆಗೆ ಮನಸ್ಸು ತುಂಬಿ ಬರುವಂಥ ಮಾತು. ಎಲ್ಲವನ್ನೂ ಭಾಷಣಕಾರರೇ ಮಾಡಿ ಮುಗಿಸಿರುತ್ತಾರೆ. ಕೇಳುವವರಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಆ ಕೆಲಸವನ್ನು ಮಕ್ಕಳ ಕೈಗೆ ವಾಪಸ್ ಕೊಡುವುದೇ ಶಿಕ್ಷಕರು ಮಾಡಬೇಕಾದದ್ದು ಅಂತ ನಾನು ನಂಬಿದ್ದೇನೆ. ಭಾಷಣದ ಜೊತೆ ಮಕ್ಕಳು ವಾದಕ್ಕೆ ನಿಲ್ಲಬೇಕು. ವಾದ ಮಾಡಿದ ಮಾತು ಮಾತ್ರ ಅವರ ಜೊತೆ ಮನೆಗೆ ಹೋಗುತ್ತದೆ.

ಆದರೆ ಮಕ್ಕಳಿಗಿಂತ ಮೊದಲು ಶಿಕ್ಷಕರು ತಾವೇ ಒಟ್ಟಿಗೆ ಕೂತು ಒಂದು ಭಾಷಣ ನೋಡಬೇಕು. ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ರೀಟಾ ಪಿಯರ್ಸನ್. ಅಮೆರಿಕದ ಈ ಶಿಕ್ಷಕಿಯ ಅಪ್ಪ ಅಮ್ಮ, ಅಮ್ಮನ ಕಡೆಯ ಅಜ್ಜ ಅಜ್ಜಿ ಎಲ್ಲರೂ ಪಾಠ ಹೇಳಿದವರೇ. ಅವರು ಸ್ವತಃ 40 ವರ್ಷ ಇದೇ ಕೆಲಸದಲ್ಲಿದ್ದರು. 2013ರ ಮೇ ತಿಂಗಳಲ್ಲಿ ಬಂದ ಅವರ ಭಾಷಣ ಎಂಟು ನಿಮಿಷವೂ ಇಲ್ಲ. ಮರುತಿಂಗಳೇ ಅವರು ತೀರಿಕೊಂಡರು.

ಆ ಭಾಷಣದಲ್ಲಿ ಒಂದು ಉತ್ತರ ಪತ್ರಿಕೆಯ ಕಥೆ ಬರುತ್ತದೆ. 20 ಪ್ರಶ್ನೆ ಕೊಟ್ಟಿದ್ದರು, ಹುಡುಗ 18 ತಪ್ಪು ಮಾಡಿದ್ದ. ಪಿಯರ್ಸನ್ ಅದರ ಮೇಲೆ ‘+2’ ಅಂತ ಬರೆದು, ಪಕ್ಕದಲ್ಲಿ ದೊಡ್ಡದೊಂದು ನಗುಮುಖ ಬಿಡಿಸಿದರು. ಇದು ಫೇಲ್ ತಾನೇ ಅಂತ ಹುಡುಗ ಕೇಳಿದ. ಹೌದು ಅಂದರು. ಹಾಗಾದರೆ ನಗುಮುಖ ಯಾಕೆ ಅಂತ ಕೇಳಿದ. ಎಲ್ಲವನ್ನೂ ತಪ್ಪು ಮಾಡಿಲ್ಲವಲ್ಲ, ಎರಡು ಸರಿ ಇದೆ, ನೀನು ದಾರಿಯಲ್ಲಿದ್ದೀಯ ಅಂದರು. –18 ಅಂತ ಬರೆದರೆ ಜೀವವೇ ಹಿಂಡಿದ ಹಾಗೆ, +2 ಅಂದರೆ ನಾನು ಪೂರ್ತಿ ಕೆಟ್ಟವನಲ್ಲ ಅನ್ನಿಸುತ್ತದೆ ಅನ್ನುವುದು ಅವರ ಲೆಕ್ಕ.

ಈ ಕಥೆಯನ್ನು ಶಿಕ್ಷಕರ ನಡುವೆ ಇಟ್ಟು ನೋಡಿ, ಮಾತು ಬಿಸಿಯಾಗದೆ ಇರುವುದಿಲ್ಲ. ಒಬ್ಬರು ಇದು ಮಗುವಿಗೆ ಸುಳ್ಳು ಸಮಾಧಾನ ಅನ್ನುತ್ತಾರೆ. ಇನ್ನೊಬ್ಬರು ನಲವತ್ತು ಪತ್ರಿಕೆ ತಿದ್ದುವಾಗ ನಗುಮುಖ ಬಿಡಿಸಲು ಪುರುಸೊತ್ತೆಲ್ಲಿ ಅನ್ನುತ್ತಾರೆ. ನಾನು ಪಿಯರ್ಸನ್ ಪರ. ಯಾಕೆಂದರೆ ಅವರು ಫೇಲ್ ಅನ್ನುವುದನ್ನು ಬಚ್ಚಿಡಲಿಲ್ಲ. ಹುಡುಗ ನೇರವಾಗಿ ಕೇಳಿದಾಗ ನೇರವಾಗಿ ಹೌದು ಅಂದರು. ಮಗುವಿನ ಕಣ್ಣು ಮೊದಲು ಎಲ್ಲಿ ಬೀಳಬೇಕು ಅನ್ನುವುದನ್ನು ಮಾತ್ರ ಬದಲಾಯಿಸಿದರು. ಭಾಷಣ ಹೊಗಳುವವರು ಬಹಳ ಸಲ ಆ ‘ಹೌದು’ ಅನ್ನುವುದನ್ನೇ ಮರೆತುಬಿಡುತ್ತಾರೆ.

ಅದೇ ಭಾಷಣದಲ್ಲಿ ನನಗೆ ಇನ್ನೂ ಜಾಸ್ತಿ ಇಷ್ಟವಾದ ಜಾಗ ಇನ್ನೊಂದಿದೆ. ಅನುಪಾತದ ಪಾಠವೊಂದನ್ನು ಪಿಯರ್ಸನ್ ಪೂರ್ತಿ ತಪ್ಪಾಗಿ ಹೇಳಿಕೊಟ್ಟಿದ್ದರು. ಮರುದಿನ ಬಂದು ಮಕ್ಕಳ ಮುಂದೆ ಒಪ್ಪಿಕೊಂಡರು. ಪರವಾಗಿಲ್ಲ, ನೀವು ಅಷ್ಟು ಖುಷಿಯಲ್ಲಿದ್ದಿರಿ, ಅದಕ್ಕೇ ಸುಮ್ಮನೆ ಬಿಟ್ಟೆವು ಅಂದರಂತೆ ಮಕ್ಕಳು. ಇದನ್ನು ಕೇಳಿ ನಕ್ಕು ಮುಂದೆ ಹೋಗಬಾರದು. ಶಿಕ್ಷಕಿ ತಪ್ಪು ಹೇಳುತ್ತಿದ್ದಾರೆ ಅಂತ ಮಕ್ಕಳಿಗೆ ಗೊತ್ತಿತ್ತು, ಆದರೂ ಸುಮ್ಮನಿದ್ದರು. ನಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು ಹೀಗೆ ಸುಮ್ಮನಿದ್ದಾರೆ? ಪ್ರೀತಿಯಿಂದ ಸುಮ್ಮನಿದ್ದಾರೋ, ಭಯದಿಂದಲೋ? ಸ್ಟಾಫ್ ರೂಮಿನಲ್ಲಿ ಇದನ್ನು ಮಾತಾಡಲೇಬೇಕು.

ಬ್ರಿಟನ್ನಿನ ಶಿಕ್ಷಣ ತಜ್ಞ ಕೆನ್ ರಾಬಿನ್ಸನ್ ಅವರ 2006ರ ಭಾಷಣ ಎಲ್ಲರಿಗೂ ಗೊತ್ತು. ಶಾಲೆಗಳು ಮಕ್ಕಳ ಸೃಜನಶೀಲತೆಯನ್ನು ಕೊಲ್ಲುತ್ತಿವೆಯೇ ಅನ್ನುವ ಪ್ರಶ್ನೆ ಅವರದು. ಅದೇ ವರ್ಷ ಜೂನ್‌ನಲ್ಲಿ ಟೆಡ್ ಮೊದಲ ಸಲ ಇಂಟರ್‌ನೆಟ್‌ಗೆ ಹಾಕಿದ ಆರು ಭಾಷಣಗಳಲ್ಲಿ ಇದೂ ಒಂದು. ಇದನ್ನು ಶಿಕ್ಷಕರಿಗೆ ತೋರಿಸಿ ಬಿಡುತ್ತಾರೆ, ಮಕ್ಕಳಿಗೆ ತೋರಿಸುವುದಿಲ್ಲ. ಯಾಕೆ? ಶಾಲೆ ಹೇಗಿದೆ ಅಂತ ಹೇಳಲು ಮಕ್ಕಳಿಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ?

ರಾಬಿನ್ಸನ್ ಹೇಳುವ ಜಿಲಿಯನ್ ಲಿನ್ ಕಥೆಯನ್ನು ಹೈಸ್ಕೂಲ್ ಮಕ್ಕಳು ತುಂಬಾ ಚೆನ್ನಾಗಿ ಹಿಡಿದುಕೊಳ್ಳುತ್ತಾರೆ. ಎಂಟು ವರ್ಷದ ಹುಡುಗಿ, ಒಂದು ಕಡೆ ಕೂರುವುದಿಲ್ಲ, ಹೋಮ್‌ವರ್ಕ್ ತಡ, ಶಾಲೆಯಿಂದ ದೂರು. ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ರೇಡಿಯೊ ಹಾಕಿ, ಅಮ್ಮನನ್ನು ಕರೆದುಕೊಂಡು ಹೊರಗೆ ಬಂದು ನಿಂತು ನೋಡಿದರು. ಹುಡುಗಿ ಎದ್ದು ಕುಣಿಯತೊಡಗಿದ್ದಳು. ಇವಳಿಗೆ ಕಾಯಿಲೆ ಇಲ್ಲ, ಡಾನ್ಸ್ ಶಾಲೆಗೆ ಸೇರಿಸಿ ಅಂದರು ಡಾಕ್ಟರು. ಮುಂದೆ ಅವರು ಜಗತ್ತಿನ ದೊಡ್ಡ ನೃತ್ಯ ಸಂಯೋಜಕರಲ್ಲಿ ಒಬ್ಬರಾದರು.

ಕಥೆ ಅದ್ಭುತವಾಗಿದೆ. ಆದರೆ ಇಲ್ಲಿ ವಿಡಿಯೊ ನಿಲ್ಲಿಸಿ ಒಂದು ಪ್ರಶ್ನೆ ಕೇಳಬಹುದು: ರೇಡಿಯೊ ಹಾಕಿದಾಗ ಆ ಹುಡುಗಿ ಕುಣಿಯದೆ ಕೂತಿದ್ದರೆ? ಒಂದು ಕಡೆ ಕೂರಲಾರದ ಮಕ್ಕಳೆಲ್ಲ ನೃತ್ಯಗಾರರಲ್ಲ. ಅಂಥ ದೊಡ್ಡ ಪ್ರತಿಭೆ ಏನೂ ಇಲ್ಲದೆ, ಸುಮ್ನೆ ಚಡಪಡಿಸುವ ಮಗುವಿಗೆ ಶಾಲೆಯಲ್ಲಿ ಜಾಗ ಇರಬೇಕಾ ಬೇಡವಾ? ಆ ಮಗು ಮುಂದೆ ಪ್ರಸಿದ್ಧ ಆಗದಿದ್ದರೂ ಇರಬೇಕಾ? ಈ ಪ್ರಶ್ನೆಗೆ ಮೊದಲು ಬಾಯಿ ಬಿಡುವುದು ಸಾಮಾನ್ಯವಾಗಿ ಹಿಂದಿನ ಬೆಂಚಿನವರು. ಅವರ ಮಾತನ್ನು ನಡುವೆ ತಡೆಯದೆ ಕೇಳಿಸಿಕೊಳ್ಳಿ.

ಕೇಳಿಸಿಕೊಳ್ಳುವ ವಿಷಯ ಬಂದದ್ದರಿಂದ ಇದನ್ನೂ ಹೇಳುತ್ತೇನೆ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಲೆಕ್ಕ ಹಾಕಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ಗಳು ಕಡಿಮೆಯಾಗುತ್ತವೆ, ಯಾವಾಗಲೂ ಮಾತಾಡದವರೂ ಮಾತಾಡುತ್ತಾರೆ. ಬರೀ ಮೂರು ಸೆಕೆಂಡ್! ಭಾಷಣ ಮುಗಿದ ಕೂಡಲೇ ನಾವು ‘ಹೇಗಿತ್ತು? ಇದರಿಂದ ಏನು ಕಲಿತಿರಿ?’ ಅಂತ ಮುಗಿಬೀಳುತ್ತೇವೆ. ಆ ಪ್ರಶ್ನೆಗೆ ಮಕ್ಕಳ ಹತ್ತಿರ ರೆಡಿಮೇಡ್ ಉತ್ತರ ಇರುತ್ತದೆ: ಕಷ್ಟಪಟ್ಟರೆ ಏನು ಬೇಕಾದರೂ ಸಾಧಿಸಬಹುದು. ನಮಗೆ ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಆ ಪ್ರಶ್ನೆಯನ್ನೇ ಕೇಳಬೇಡಿ. ‘ಯಾವ ಜಾಗದಲ್ಲಿ ನಿಮಗೆ ಒಪ್ಪಿಗೆ ಆಗಲಿಲ್ಲ?’ ಅಂತ ಕೇಳಿ. ಎರಡು ನಿಮಿಷ ಬರೆಯಲು ಬಿಡಿ, ಆಮೇಲೆ ಪಕ್ಕದವರ ಜೊತೆ ಮಾತಾಡಲು ಬಿಡಿ, ಆಮೇಲೆ ಎಲ್ಲರ ಮುಂದೆ. ನಾಚಿಕೆಯ ಮಗುವಿಗೆ ಆ ನಡುವಿನ ಮೆಟ್ಟಿಲು ತುಂಬಾ ಬೇಕು.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಭಾಷಣಕ್ಕೆ ಬರುತ್ತೇನೆ. ಸ್ಟೆಲ್ಲಾ ಯಂಗ್, ಆಸ್ಟ್ರೇಲಿಯಾದವರು. ಮೂಳೆಗಳು ಸುಲಭವಾಗಿ ಮುರಿಯುವ ಕಾಯಿಲೆಯ ಜೊತೆ ಹುಟ್ಟಿ, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. ಪತ್ರಕರ್ತೆ, ಹಾಸ್ಯ ಕಲಾವಿದೆ. 2014ರ ಏಪ್ರಿಲ್‌ನಲ್ಲಿ ಸಿಡ್ನಿಯಲ್ಲಿ ಮಾತಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ಫೂರ್ತಿಯ ಭಾಷಣಗಳ ಪಟ್ಟಿ ಮಾಡುವವರೆಲ್ಲ ಇದನ್ನು ಮೊದಲು ನೋಡಬೇಕು. ಯಾಕೆಂದರೆ ಅವರ ಮಾತು ಇಷ್ಟೇ: ನಾನು ನಿಮ್ಮ ಸ್ಫೂರ್ತಿಗಾಗಿ ಇಲ್ಲ.

ಅವರಿಗೆ 15 ವರ್ಷ ಇದ್ದಾಗ ಊರಿನವರೊಬ್ಬರು ಅಪ್ಪ ಅಮ್ಮನ ಹತ್ತಿರ ಬಂದು, ನಿಮ್ಮ ಮಗಳಿಗೆ ಸಾಧನೆಯ ಪ್ರಶಸ್ತಿ ಕೊಡಿಸೋಣ ಅಂದರು. ಒಳ್ಳೆಯದೇ, ಆದರೆ ಅವಳು ಸಾಧಿಸಿದ್ದಾದರೂ ಏನು ಅಂತ ಕೇಳಿದರು ಅಪ್ಪ ಅಮ್ಮ. ಅವಳು ಶಾಲೆಗೆ ಹೋಗುತ್ತಿದ್ದಳು, ಅಮ್ಮನ ಸಲೂನಿನಲ್ಲಿ ಕೆಲಸ ಮಾಡುತ್ತಿದ್ದಳು, ಟಿವಿ ನೋಡುತ್ತಿದ್ದಳು, ಎಲ್ಲ ಹುಡುಗಿಯರ ಹಾಗೆ. ಮುಂದೆ ಮೆಲ್ಬರ್ನ್‌ನಲ್ಲಿ ಶಿಕ್ಷಕಿಯಾಗಿ 11ನೇ ತರಗತಿಗೆ ಕಾನೂನಿನ ಪಾಠ ಹೇಳುತ್ತಿದ್ದಾಗ ಇನ್ನೊಂದು ಘಟನೆ. ಇಪ್ಪತ್ತು ನಿಮಿಷ ಪಾಠ ಆದ ಮೇಲೆ ಹುಡುಗನೊಬ್ಬ ಕೈ ಎತ್ತಿ, ಮಿಸ್, ನಿಮ್ಮ ಭಾಷಣ ಯಾವಾಗ ಶುರು ಅಂತ ಕೇಳಿದ. ಗಾಲಿಕುರ್ಚಿಯಲ್ಲಿ ಬಂದವರು ಸ್ಫೂರ್ತಿ ತುಂಬಲು ಬಂದಿರುತ್ತಾರೆ ಅಂತಲೇ ಅವನು ತಿಳಿದಿದ್ದ. ಶಿಕ್ಷಕಿಯಾಗಿ ಅವರನ್ನು ಅವನು ಕಂಡಿರಲೇ ಇಲ್ಲ. ಆ ಹುಡುಗ ಒಳ್ಳೆಯವನೇ, ಸಭ್ಯವಾಗಿಯೇ ಕೇಳಿದ್ದಾನೆ. ಅದಕ್ಕೇ ಈ ಕಥೆ ಇಷ್ಟು ನಾಟುತ್ತದೆ.

ಎಷ್ಟು ನಗುನಗುತ್ತಾ ನೋಡಿದರೂ ಮೆಟ್ಟಿಲು ಇಳಿಜಾರು ದಾರಿ ಆಗುವುದಿಲ್ಲ ಅಂತ ಅವರೊಂದು ಮಾತು ಹೇಳುತ್ತಾರೆ. ಮನಸ್ಸಿದ್ದರೆ ಸಾಕು ಅನ್ನುವ ಪೋಸ್ಟರುಗಳಿಗೆಲ್ಲ ಅದು ಉತ್ತರ. ಈ ಭಾಷಣ ತೋರಿಸಿದ ಮೇಲೆ ಬೇರೆ ಯಾವ ಸ್ಫೂರ್ತಿಯ ವಿಡಿಯೊವನ್ನೂ ಮಕ್ಕಳು ಮೊದಲಿನ ಹಾಗೆ ನೋಡುವುದಿಲ್ಲ. ಇದು ನಷ್ಟ ಅಂತ ಕೆಲವರು ಅನ್ನಬಹುದು. ಮಕ್ಕಳ ಉತ್ಸಾಹಕ್ಕೆ ಯಾಕೆ ತಣ್ಣೀರು ಹಾಕುತ್ತೀರಿ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಯಾರದೋ ಕಷ್ಟ ನೋಡಿ ‘ನಮ್ಮದು ಪರವಾಗಿಲ್ಲ’ ಅಂದುಕೊಳ್ಳುವ ಉತ್ಸಾಹ ಹೋದರೆ ಹೋಗಲಿ. ಅದರ ಜಾಗದಲ್ಲಿ ‘ನಮ್ಮ ಶಾಲೆಗೆ ಗಾಲಿಕುರ್ಚಿಯಲ್ಲಿ ಬಂದರೆ ಲೈಬ್ರರಿಗೆ ಹೋಗಲು ಆಗುತ್ತದಾ?’ ಅನ್ನುವ ಪ್ರಶ್ನೆ ಬಂದರೆ ಅದು ಎಷ್ಟೋ ದೊಡ್ಡ ಲಾಭ ಅಲ್ವಾ?

ಇನ್ನೊಂದು ಎಚ್ಚರ ಬೇಕು. ಭಾಷಣದಲ್ಲಿ ವಿಜ್ಞಾನ ಬಂದಾಗ ಅದು ಎಷ್ಟು ಗಟ್ಟಿ ಅಂತ ನೋಡುವುದು. ಅಮೆರಿಕದ ಮನಃಶಾಸ್ತ್ರಜ್ಞೆ ಏಮಿ ಕಡಿ 2012ರಲ್ಲಿ ಕೊಟ್ಟ ಭಾಷಣ ಕೋಟ್ಯಂತರ ಜನ ನೋಡಿದ್ದಾರೆ. ಸಂದರ್ಶನಕ್ಕೆ ಮುಂಚೆ ಎರಡು ನಿಮಿಷ ಕೈ ಸೊಂಟದ ಮೇಲಿಟ್ಟು ಎದೆಯುಬ್ಬಿಸಿ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ, ಧೈರ್ಯ ಬರುತ್ತದೆ ಅನ್ನುವುದು ಅದರ ತಿರುಳು. ಇದಕ್ಕೆ ಆಧಾರವಾಗಿದ್ದ 2010ರ ಪ್ರಯೋಗದಲ್ಲಿ ಇದ್ದವರು 42 ಜನ. 2015ರಲ್ಲಿ ಬೇರೆ ತಂಡವೊಂದು 200 ಜನರ ಮೇಲೆ ಅದನ್ನೇ ಮಾಡಿ ನೋಡಿತು. ಹಾಗೆ ನಿಂತವರಿಗೆ ತಾವು ಬಲಶಾಲಿ ಅನ್ನಿಸಿತ್ತು ನಿಜ, ಆದರೆ ಹಾರ್ಮೋನುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಮೂಲ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನಿಯವರೇ, ಆ ಪರಿಣಾಮ ನಿಜ ಅಂತ ತಾವೀಗ ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು.

ಹಾಗಾದರೆ ಈ ಭಾಷಣವನ್ನು ತರಗತಿಯಿಂದ ಹೊರಗಿಡಬೇಕಾ? ನನ್ನ ಪ್ರಕಾರ ಇದನ್ನು ತೋರಿಸಲೇಬೇಕು, ಈ ಪೂರ್ತಿ ಕಥೆಯ ಜೊತೆಗೆ. ಪ್ರಯೋಗ ಅಂದರೇನು, 42 ಜನರಿಗೂ 200 ಜನರಿಗೂ ಏನು ವ್ಯತ್ಯಾಸ, ಒಬ್ಬರು ಕಂಡದ್ದನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡುವುದು ಯಾಕೆ ಮುಖ್ಯ, ಇದನ್ನೆಲ್ಲ ಪಠ್ಯಪುಸ್ತಕ ಇಷ್ಟು ಜೀವಂತವಾಗಿ ಹೇಳುವುದಿಲ್ಲ. ಮಕ್ಕಳಲ್ಲಿ ಒಬ್ಬರಾದರೂ ‘ಆದರೂ ನನಗೆ ಹಾಗೆ ನಿಂತರೆ ಧೈರ್ಯ ಬರುತ್ತದೆ’ ಅನ್ನುತ್ತಾರೆ. ಅದೂ ಸರಿಯೇ. ಅನ್ನಿಸುವುದಕ್ಕೂ ಹಾರ್ಮೋನ್ ಬದಲಾಗುವುದಕ್ಕೂ ನಡುವೆ ಎಷ್ಟು ದೂರ ಅಂತ ಅಲ್ಲಿಂದಲೇ ಮಾತು ಬೆಳೆಸಬಹುದು. ನನ್ನನ್ನು ಹೆಚ್ಚು ಮುಟ್ಟಿದ್ದು ಕಾರ್ನಿಯವರ ನಡೆ. ತಾವೇ ಹೆಸರು ಮಾಡಿದ ಕೆಲಸದ ಬಗ್ಗೆ, ಪುರಾವೆ ಬದಲಾದಾಗ, ಮನಸ್ಸು ಬದಲಾಯಿಸಿದೆ ಅಂತ ಹೇಳಲು ಎದೆಗಾರಿಕೆ ಬೇಕು.

ಏಂಜೆಲಾ ಡಕ್‌ವರ್ತ್ 2013ರಲ್ಲಿ ಛಲದ ಬಗ್ಗೆ ಆಡಿದ ಆರು ನಿಮಿಷದ ಮಾತಿನಲ್ಲೂ ನನಗೆ ಬೇಕಾದದ್ದು ಇಂಥದ್ದೇ ಒಂದು ಕ್ಷಣ. ಅವರು ನ್ಯೂಯಾರ್ಕ್‌ನ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಟ್ಟವರು. ಮಕ್ಕಳಲ್ಲಿ ಛಲ ಬೆಳೆಸುವುದು ಹೇಗೆ ಅಂತ ಎಲ್ಲರೂ ನನ್ನನ್ನು ಕೇಳುತ್ತಾರೆ, ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ ಅನ್ನುತ್ತಾರೆ. ಛಲ ಒಂದಿದ್ದರೆ ಸಾಕು ಅಂತ ಈ ಭಾಷಣವನ್ನು ಬಳಸುವವರು ಆ ವಾಕ್ಯವನ್ನು ಮತ್ತೊಮ್ಮೆ ಕೇಳಬೇಕು. ಮನೆಯಲ್ಲಿ ಓದಲು ಜಾಗವಿಲ್ಲದ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಗುವಿಗೆ ‘ನಿನಗೆ ಛಲ ಇಲ್ಲ’ ಅಂತ ಕೇಳಿಸುವ ಹಾಗೆ ಯಾವ ಭಾಷಣವನ್ನೂ ತೋರಿಸಬಾರದು.

ಸ್ಟೀವ್ ಜಾಬ್ಸ್ 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹೇಳಿದ ಮೂರು ಕಥೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ನೋಡದವರೇ ಕಡಿಮೆ. ಒಂದು ಪ್ರಶ್ನೆ ಮಾತ್ರ ಕೇಳಿ: ಕಾಲೇಜು ಬಿಟ್ಟು ಯಶಸ್ವಿಯಾದವರನ್ನು ವೇದಿಕೆಗೆ ಕರೆಯುತ್ತಾರೆ, ಕಾಲೇಜು ಬಿಟ್ಟು ಕಷ್ಟಪಟ್ಟವರನ್ನು ಯಾರು ಕರೆಯುತ್ತಾರೆ? ವೇದಿಕೆಯ ಮೇಲೆ ಯಾರಿಲ್ಲ ಅಂತ ನೋಡುವುದನ್ನು ಒಮ್ಮೆ ಕಲಿತ ಮಕ್ಕಳು ಜಾಹೀರಾತನ್ನೂ ಹಾಗೇ ನೋಡುತ್ತಾರೆ, ಚುನಾವಣಾ ಭಾಷಣವನ್ನೂ ಹಾಗೇ ಕೇಳುತ್ತಾರೆ.

ಚಿಮಮಾಂಡ ಎನ್‌ಗೋಜಿ ಅಡೀಚಿ ಅವರ 2009ರ ಭಾಷಣ ಇದಕ್ಕೆ ಪಕ್ಕದಲ್ಲೇ ಕೂರುತ್ತದೆ. ಒಬ್ಬರ ಬಗ್ಗೆ ಒಂದೇ ಕಥೆ ಕೇಳಿಕೊಂಡಿರುವುದರ ಅಪಾಯ ಅದರ ವಸ್ತು. ಅಮೆರಿಕದ ರೂಮ್‌ಮೇಟ್ ನಿಮ್ಮ ಬುಡಕಟ್ಟಿನ ಸಂಗೀತ ಕೇಳಿಸಿ ಅಂದಾಗ ನೈಜೀರಿಯಾದ ಈ ಲೇಖಕಿ ಮರಾಯಾ ಕ್ಯಾರಿಯ ಕ್ಯಾಸೆಟ್ ತೆಗೆದ ಕಥೆಗೆ ಎಲ್ಲರೂ ನಗುತ್ತಾರೆ. ಆದರೆ ಅವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಮೆಕ್ಸಿಕೊಗೆ ಹೋದಾಗ ಅಲ್ಲಿನವರ ಬಗ್ಗೆ ತಾನೂ ಒಂದೇ ಕಥೆ ನಂಬಿಕೊಂಡು ಬಂದಿದ್ದೆ ಅಂತ ನಾಚಿಕೆಪಟ್ಟದ್ದನ್ನೂ ಹೇಳುತ್ತಾರೆ. ಇದಾದ ಮೇಲೆ ಚರ್ಚೆಯೂ ಬೇಡ. ‘ನಿನ್ನ ಬಗ್ಗೆ ಎಲ್ಲರೂ ಹೇಳುವ ಒಂದೇ ಕಥೆ ಯಾವುದು? ಅವರಿಗೆ ಗೊತ್ತಿಲ್ಲದ ಇನ್ನೊಂದು ಯಾವುದು?’ ಅಂತ ಬರೆಯಲು ಹೇಳಿ. ಅಂಕ ಕೊಡಬೇಡಿ, ಗಟ್ಟಿಯಾಗಿ ಓದಿಸಲೂಬೇಡಿ. ಆ ಹಾಳೆಗಳನ್ನು ಓದಿದ ಶಿಕ್ಷಕರು ಹಾಜರಿ ಕೂಗುವ ದನಿಯೇ ಬೇರೆಯಾಗುತ್ತದೆ.

ಇನ್ನು ಮಾತಾಡಲು ಹೆದರುವ ಮಕ್ಕಳಿಗೆ ನಾನು ತೋರಿಸುವುದು ವಿಲಿಯಂ ಕಮ್‌ಕ್ವಾಂಬಾ ಅವರ ಎರಡು ಭಾಷಣಗಳನ್ನು, ಒಂದರ ಹಿಂದೆ ಒಂದು. ಮಲಾವಿಯ ಹುಡುಗ. ಬರಗಾಲದಲ್ಲಿ ಫೀಸು ಕಟ್ಟಲಾಗದೆ ಶಾಲೆ ಬಿಟ್ಟ. ಲೈಬ್ರರಿಯ ಪುಸ್ತಕ ನೋಡಿಕೊಂಡು, ಟ್ರ್ಯಾಕ್ಟರ್ ಫ್ಯಾನು, ಸೈಕಲ್ ಫ್ರೇಮು, ಪ್ಲಾಸ್ಟಿಕ್ ಪೈಪು ಜೋಡಿಸಿ ಗಾಳಿಯಂತ್ರ ಕಟ್ಟಿದ. ಮನೆಗೆ ದೀಪ ಬಂತು. 2007ರಲ್ಲಿ ತಾಂಜಾನಿಯಾದ ಅರುಷಾದಲ್ಲಿ ವೇದಿಕೆ ಹತ್ತಿದಾಗ ಅವನ ಬಾಯಿಂದ ಮಾತೇ ಹೊರಡುವುದಿಲ್ಲ. ಪಕ್ಕದಲ್ಲಿ ಒಬ್ಬರಿದ್ದು ಪ್ರಶ್ನೆ ಕೇಳಬೇಕಾಯಿತು. ಉತ್ತರಗಳು ತುಂಡು ತುಂಡು. ಎರಡು ವರ್ಷ ಬಿಟ್ಟು 2009ರಲ್ಲಿ ಅದೇ ಹುಡುಗ ಒಬ್ಬನೇ ನಿಂತು ಪೂರ್ತಿ ಕಥೆ ಹೇಳುತ್ತಾನೆ. ಅವತ್ತು ಇಂಗ್ಲಿಷ್ ಮರೆತೇಹೋಗಿತ್ತು, ವಾಂತಿ ಬರುವಷ್ಟು ಹೆದರಿಕೆಯಾಗಿತ್ತು ಅಂತಲೂ ಹೇಳುತ್ತಾನೆ.

ಗಾಳಿಯಂತ್ರದ ಬಗ್ಗೆ ವಿಜ್ಞಾನದ ತರಗತಿಯಲ್ಲಿ ಮಾತಾಡಿ. ನನಗೆ ಬೇಕಾದದ್ದು ಆ ಎರಡು ವಿಡಿಯೊಗಳ ನಡುವಿನ ವ್ಯತ್ಯಾಸ. ಯಾವುದು ಹೆಚ್ಚು ಇಷ್ಟವಾಯಿತು ಅಂತ ಕೇಳಿ. ಎರಡನೆಯದು ಅಂತ ಎಲ್ಲರೂ ಹೇಳುತ್ತಾರೆ ಅಂದುಕೊಂಡಿದ್ದರೆ ಕಾದು ನೋಡಿ. ತಡವರಿಸುತ್ತಲೇ ‘ಪ್ರಯತ್ನಿಸಿದೆ, ಮಾಡಿದೆ’ ಅಂತ ಹೇಳಿದ ಮೊದಲ ವಿಡಿಯೊ ಬಹಳ ಮಕ್ಕಳಿಗೆ ಇನ್ನೂ ಹತ್ತಿರ. ಅವರೂ ಹಾಗೇ ತಡವರಿಸುವವರು ತಾನೇ. ವೇದಿಕೆಯ ಮೇಲೆ ತಮ್ಮಂಥವರನ್ನು ಅವರು ಕಂಡದ್ದೇ ಅಪರೂಪ.

ಪರಭಾಷೆಯ ಭಾಷಣ ಮಕ್ಕಳಿಗೆ ಅರ್ಥವಾಗದಿದ್ದರೆ ಏನು ಮಾಡುವುದು ಅನ್ನುವುದು ನಿಜವಾದ ತೊಂದರೆ. ಬಹಳ ಭಾಷಣಗಳಿಗೆ ಸಬ್‌ಟೈಟಲ್ ಇರುತ್ತದೆ, ಬರಹದ ಪಠ್ಯವೂ ಸಿಗುತ್ತದೆ. ವೇಗ ಸ್ವಲ್ಪ ತಗ್ಗಿಸಬಹುದು. ಆದರೆ ಎಲ್ಲಕ್ಕಿಂತ ಒಳ್ಳೆಯ ದಾರಿ, ಶಿಕ್ಷಕರು ಮೊದಲು ಆ ಕಥೆಯನ್ನು ತಮ್ಮ ಮಾತಿನಲ್ಲಿ ಅರ್ಧದವರೆಗೆ ಹೇಳಿ ನಿಲ್ಲಿಸುವುದು. ಡಾಕ್ಟರು ರೇಡಿಯೊ ಹಾಕಿ ಹೊರಗೆ ಬಂದರು, ಆಮೇಲೆ ಏನಾಗಿರಬಹುದು? ಮಕ್ಕಳು ಊಹಿಸಲಿ. ಊಹಿಸಿದವರು ವಿಡಿಯೊವನ್ನು ಬೇರೆ ಕಣ್ಣಿಂದ ನೋಡುತ್ತಾರೆ. ಪೂರ್ತಿ ತೋರಿಸಲೇಬೇಕು ಅಂತೇನೂ ಇಲ್ಲ. ನಾಲ್ಕು ನಿಮಿಷ ತೋರಿಸಿ ಮೂವತ್ತು ನಿಮಿಷ ಮಾತಾಡಿದರೂ ಒಳ್ಳೆಯದೇ.

ಕೊನೆಯಲ್ಲಿ ಒಂದು ಹಳೆಯ ಭಾಷಣ. 1992ರ ಜೂನ್, ರಿಯೊ ಡಿ ಜನೈರೊದಲ್ಲಿ ಪರಿಸರದ ಬಗ್ಗೆ ವಿಶ್ವಸಂಸ್ಥೆ ನಡೆಸಿದ ಭೂಶೃಂಗಸಭೆ. ಕೆನಡಾದ 12 ವರ್ಷದ ಸೆವರ್ನ್ ಕಲಿಸ್-ಸುಜುಕಿ ದೇಶದೇಶಗಳ ಪ್ರತಿನಿಧಿಗಳ ಮುಂದೆ ನಿಂತಳು. ಗೆಳತಿಯರ ಜೊತೆ ಸೇರಿ ತಾವೇ ಹಣ ಕೂಡಿಸಿಕೊಂಡು ಬಂದಿದ್ದಳು. ಜಗಳ ಆಡಬೇಡಿ, ಹಂಚಿಕೊಳ್ಳಿ, ಗಲೀಜು ಮಾಡಿದರೆ ನೀವೇ ಸ್ವಚ್ಛ ಮಾಡಿ ಅಂತ ಶಾಲೆಯಲ್ಲಿ ನಮಗೆ ಹೇಳಿಕೊಡುತ್ತೀರಿ, ಮತ್ತೆ ನೀವೇ ಯಾಕೆ ಹಾಗೆ ಮಾಡುವುದಿಲ್ಲ ಅಂತ ಕೇಳಿದಳು. ಸರಿಪಡಿಸಲು ಗೊತ್ತಿಲ್ಲದಿದ್ದರೆ ದಯವಿಟ್ಟು ಹಾಳು ಮಾಡುವುದನ್ನು ನಿಲ್ಲಿಸಿ ಅಂದಳು. ಇಡೀ ಮಾತು ಆರು ನಿಮಿಷದಷ್ಟು.

ಇದನ್ನು ನೋಡಿದ ಮಕ್ಕಳಿಗೆ ತಾವೂ ಮಾತಾಡಬೇಕು ಅನ್ನಿಸುತ್ತದೆ. ಅನ್ನಿಸಿದಾಗಲೇ ಅವಕಾಶ ಕೊಡಬೇಕು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ವಿಷಯ ಅವರದೇ. ಕಂಠಪಾಠದ ಭಾಷಣ ಸ್ಪರ್ಧೆಯ ಹಾಗೆ ಆಗಬಾರದು, ಬಹುಮಾನವೂ ಬೇಡ. ಮಾತು ಮುಗಿದ ಮೇಲೆ ಉಳಿದವರು ಕೇಳುವ ಪ್ರಶ್ನೆಗಳು ಮಾತ್ರ ಅವೇ ಇರಲಿ. ನೀನು ಹೇಳಿದ್ದು ನಿಜ ಅಂತ ನಿನಗೆ ಹೇಗೆ ಗೊತ್ತು? ನಿನ್ನ ಕಥೆಯಲ್ಲಿ ಯಾರನ್ನು ಬಿಟ್ಟಿದ್ದೀಯ? ಯಾವ ಜಾಗದಲ್ಲಿ ನಾನು ಒಪ್ಪಲಿಲ್ಲ ಅಂತ ಹೇಳಲಾ? ಆಮೇಲೆ ಶಿಕ್ಷಕರ ಸರದಿ. ಅವರೂ ನಾಲ್ಕು ನಿಮಿಷ ಮಾತಾಡಬೇಕು, ಅದೇ ಪ್ರಶ್ನೆಗಳಿಗೆ ಉತ್ತರ ಕೊಡಬೇಕು.